ಭರಣಿಗೊಂದು ಸಂಖ್ಯೆ ಇರಲಿ

ಮಾನ್ಯ ಸಂಪಾದಕರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿಗೆ ಬೀಳುವ ಕಾಲವಿದು. ಮನೆಬಳಕೆಗಷ್ಟೇ ಹಾಕುತ್ತಿದ್ದ ಉಪ್ಪಿನಕಾಯಿಯನ್ನು ನಮ್ಮಂಥ ಅನೇಕ ಹೆಂಗಸರು ಈಗ ಮಾರಾಟಕ್ಕೂ ಹಾಕುತ್ತಿದ್ದೇವೆ. ಮಾರುವುದನ್ನು ಕಲಿತಿದ್ದೇವೆ, ಮಾರಿದ್ದರಲ್ಲಿ ದೋಷ ಕಂಡರೆ ಅದನ್ನು ವಾಪಸು ತರಿಸಿಕೊಳ್ಳುವುದನ್ನು ಕಲಿತಿಲ್ಲ. ಆ ತಯಾರಿ ಮಿಡಿ ಉಪ್ಪಿಗೆ ಹಾಕುವ ದಿನವೇ ಆಗಬೇಕೆಂಬುದನ್ನು ಕೈ ಸುಟ್ಟುಕೊಂಡು ತಿಳಿದವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದಿನ ಆಷಾಢದಲ್ಲಿ ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, "ಅಮ್ಮಾ, ಮುಚ್ಚಳ ತಿರುಗಿಸಿದ ಕೂಡಲೇ ಬುಸ್ಸೆಂದು ನೊರೆ ಉಕ್ಕಿತು" ಎಂದರು. ಅದೇ ವಾರ ಪೇಟೆಯ ಅಂಗಡಿಗೆ ಹೋಗಿ ನೋಡಿದರೆ, ಕಪಾಟಿನಲ್ಲಿದ್ದ ನಮ್ಮ ಎರಡು ಬಾಟಲಿಗಳ ಮುಚ್ಚಳ ಉಬ್ಬಿ, ಅಡಿಯಲ್ಲಿ ಹಾಸಿದ್ದ ಪತ್ರಿಕೆಗೆ ಕೆಂಪು ರಸ ಇಳಿದಿತ್ತು. ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಆ ವರ್ಷದ 9 ಭರಣಿಗಳ ಪೈಕಿ ಒಂದಕ್ಕೆ ಉಪ್ಪು ಕಡಿಮೆ ಬಿದ್ದಿತ್ತು. ಮಿಡಿ ಸರಿಯಾಗಿ ಚಿರುಟುವ ಮೊದಲೇ ಅವಸರದಲ್ಲಿ ಖಾರ ಬೆರೆಸಿ ತುಂಬಿಸಿದ್ದೆವು. ಆದರೆ ಆ ಭರಣಿಯ ಬಾಟಲಿಗಳು ಯಾವ ಊರು ಸೇರಿವೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೇಬಲ್ಲಿನ ಮೇಲೆ ಬ್ಯಾಚ್ ಸಂಖ್ಯೆ, ಅಂದರೆ ಒಟ್ಟಿಗೆ ತಯಾರಾದ ಮಾಲನ್ನು ಗುರುತಿಸುವ ಸಂಖ್ಯೆ, ಇರಬೇಕೆಂಬುದು ಕಾನೂನು. ನಾವೂ ಹಾಕಿದ್ದೆವು, ಎಲ್ಲ ಬಾಟಲಿಗೂ '1' ಎಂದು! ಕೊನೆಗೆ ಸುಮಾರು 30 ಬಾಟಲಿಗಳ ತಪ್ಪಿಗೆ 260 ಬಾಟಲಿಗಳನ್ನೂ ಹಿಂದಕ್ಕೆ ಕರೆಯಬೇಕಾಯಿತು.

ಇದೆಲ್ಲ ದೊಡ್ಡ ಕಂಪನಿಗಳ ಉಸಾಬರಿ ಎಂದು ನಮ್ಮ ಸಂಘದಲ್ಲಿ ಹಲವರು ಹೇಳಿದರು. 2015ರಲ್ಲಿ ಮ್ಯಾಗಿಯನ್ನು ದೇಶದ ಅಂಗಡಿಗಳಿಂದೆಲ್ಲ ವಾಪಸು ತರಿಸಿ ನಾಶಪಡಿಸಿದ್ದು ಅವರಿಗೂ ನೆನಪಿತ್ತು. ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಕಲಂ, ತಾನು ತಯಾರಿಸಿದ ಆಹಾರ ನಿಯಮಕ್ಕೆ ಅನುಗುಣವಾಗಿಲ್ಲವೆಂದು ತಿಳಿದ ಉದ್ದಿಮೆದಾರ ಕೂಡಲೇ ಅದನ್ನು ಹಿಂದಕ್ಕೆ ಪಡೆದು ಅಧಿಕಾರಿಗಳಿಗೆ ತಿಳಿಸಬೇಕು ಎನ್ನುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆ ಆಹಾರಕ್ಕೆ ಮಾತ್ರ ಸೀಮಿತವಲ್ಲ. ಕೈಯಲ್ಲಿ ಮಾಡಿದ ಸಾಬೂನಿನಿಂದ ಮೈ ತುರಿಸಿದರೂ, ಬಟ್ಟೆಯ ಗೊಂಬೆಯ ಗುಂಡಿಕಣ್ಣು ಕಿತ್ತು ಮಗುವಿನ ಗಂಟಲಿಗೆ ಸಿಕ್ಕಿಕೊಂಡರೂ ಮಾಡಿದವರೇ ಉತ್ತರ ಹೇಳಬೇಕಾದೀತು.

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಒಂದು ಉದ್ದ ನೋಟ್‌ಬುಕ್ ಸಾಕು. ನಾವೀಗ ಪ್ರತಿ ಭರಣಿಗೂ ಸಂಖ್ಯೆ ಬರೆದು, ಮಿಡಿ ಎಲ್ಲಿಯದು, ಉಪ್ಪು ಎಷ್ಟು, ಸಾಸಿವೆ ಮತ್ತು ಮೆಣಸು ಯಾವ ದಿನದ ಬಿಲ್ಲಿನವು, ಎಷ್ಟು ಬಾಟಲಿ ತುಂಬಿತು, ಅವು ಯಾವ ಅಂಗಡಿಗೆ ಯಾವ ದಿನ ಹೋದವು ಎಂಬುದನ್ನು ಒಂದೇ ಪುಟದಲ್ಲಿ ಬರೆಯುತ್ತೇವೆ. ಬಿಲ್ಲಿನ ತಾರೀಖು ಅತಿಯಾಯಿತೆಂದು ನನಗೂ ಮೊದಲು ಅನ್ನಿಸಿತ್ತು. ಆದರೆ ದೋಷ ಮೆಣಸಿನಲ್ಲೇ ಇದ್ದರೆ ಅದು ಬಿದ್ದ ಭರಣಿಗಳನ್ನೆಲ್ಲ ಹುಡುಕಲು ಬೇರೆ ದಾರಿಯಿಲ್ಲ. ತಳದಲ್ಲಿ ಉಳಿದ ಹಳೆಯದರ ಮೇಲೆ ಹೊಸದನ್ನು ಸುರಿಯುವ ನಮ್ಮ ಅಜ್ಜಿಯರ ಕಾಲದ ಅಭ್ಯಾಸ ಮಾರಾಟದ ಉಪ್ಪಿನಕಾಯಿಗೆ ಸಲ್ಲದು, ಏಕೆಂದರೆ ಹಾಗೆ ಬೆರೆತ ಮೇಲೆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಅಂಗಡಿಯ ಮಾಲನ್ನು ಹೀಗೆ ಹುಡುಕಬಹುದು, ಜಾತ್ರೆಯ ಮಾಲನ್ನು ಹುಡುಕುವುದು ಕಷ್ಟ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡವರು ಯಾವ ಊರಿನವರೋ ಏನೋ. ಆದ್ದರಿಂದ ಜಾತ್ರೆಗೆ ಒಯ್ಯುವುದೆಲ್ಲ ಆದಷ್ಟೂ ಒಂದೇ ಭರಣಿಯದಾಗಿರಲಿ, ಲೇಬಲ್ಲಿನ ಫೋನ್ ಸಂಖ್ಯೆ ಕನ್ನಡಕವಿಲ್ಲದೆ ಓದುವಷ್ಟು ದಪ್ಪಗಿರಲಿ.

ಅಂಗಡಿಯವರಿಗೆ ಹೇಳುವ ಮಾತನ್ನೂ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಾಬರಿಯಲ್ಲಿ ನಾನು "ಸ್ವಲ್ಪ ನೋಡಿಕೊಂಡು ಮಾರಿ" ಎಂದುಬಿಟ್ಟಿದ್ದೆ. ಹೇಳಬೇಕಾಗಿದ್ದದ್ದು "ಈ ಸಂಖ್ಯೆಯವನ್ನು ಈಗಲೇ ಕಪಾಟಿನಿಂದ ಇಳಿಸಿ, ಬೇರೆ ಡಬ್ಬದಲ್ಲಿಡಿ, ಎಷ್ಟಿವೆ ಎಂದು ಎಣಿಸಿ ಹೇಳಿ" ಎಂದು. ವಾಪಸು ಬಂದದ್ದನ್ನು ಕುದಿಸಿ ಮತ್ತೆ ತುಂಬೋಣವೆಂಬ ಸಲಹೆ ಮನೆಯಲ್ಲೇ ಬಂತು. ಒಪ್ಪದೆ ತೋಟದಂಚಿನಲ್ಲಿ ಗುಂಡಿ ತೋಡಿ ಹೂತೆವು. ಆ ವರ್ಷದ ಲಾಭ ಅಲ್ಲಿಗೇ ಹೋಯಿತು; ಅಂದಿನಿಂದ ಪ್ರತಿ ಬಾಟಲಿಯ ಬೆಲೆಯಲ್ಲಿ ಎರಡು ರೂಪಾಯಿ ಇದಕ್ಕೆಂದೇ ತೆಗೆದಿಡುತ್ತಿದ್ದೇವೆ.

ನಾನು ಹೋದ ಎರಡು ತರಬೇತಿ ಶಿಬಿರಗಳಲ್ಲಿ ಲೇಬಲ್ಲಿನ ಬಣ್ಣದ ಬಗ್ಗೆ ಅರ್ಧ ದಿನ ಪಾಠವಾಯಿತು, ವಾಪಸಾತಿಯ ಬಗ್ಗೆ ಒಂದು ಮಾತೂ ಬರಲಿಲ್ಲ. ಸ್ವಸಹಾಯ ಸಂಘಗಳಿಗೆ ತರಬೇತಿ ಕೊಡುವ ಇಲಾಖೆಗಳು ಇದಕ್ಕೆ ಒಂದು ಗಂಟೆ ಮೀಸಲಿಟ್ಟು, ಅಂಗಡಿಯಿಂದ ಯಾವುದೋ ಒಂದು ಬಾಟಲಿ ತಂದು ಅದು ಯಾವ ಭರಣಿಯದೆಂದು ಪುಸ್ತಕದಲ್ಲಿ ಹುಡುಕಿ ತೋರಿಸುವ ಅಭ್ಯಾಸವನ್ನು ಮಾಡಿಸಲಿ. ಮಳೆಗಾಲ ಹಿಡಿಯುವುದರೊಳಗೆ ಆದರೆ ಈ ವರ್ಷದ ಮಿಡಿಗೇ ಉಪಯೋಗಕ್ಕೆ ಬಂದೀತು.

— ಒಬ್ಬ ಗೃಹೋದ್ಯಮಿ, ಸಾಗರ ತಾಲ್ಲೂಕು