ಘಟ್ಟದ ಕೆಲಸಕ್ಕೆ ಸೇರಿದ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಶಿರಾಡಿ ಘಾಟಿಯ ರಸ್ತೆ ಕೆಲಸಕ್ಕೆ ನೀನು ಹಿಟಾಚಿ ಆಪರೇಟರನಾಗಿ ಸೇರಿದ ಸುದ್ದಿಯನ್ನು ಅಕ್ಕ ಫೋನಿನಲ್ಲಿ ತಿಳಿಸಿದಳು. ಸಂತೋಷವಾಯಿತು, ಆದರೆ ಘಟ್ಟದಲ್ಲಿ ವರ್ಷಗಟ್ಟಲೆ ಮೇಸ್ತ್ರಿಕೆ ಮಾಡಿದ ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ, ಹೊಸದಾಗಿ ಮಣ್ಣು ತುಂಬಿದ್ದ ಏರಿಯ ಅಂಚಿನಲ್ಲಿ ರೋಲರ್ ಓಡಿಸುತ್ತಿದ್ದ ನಿನ್ನ ವಯಸ್ಸಿನ ಹುಡುಗನೊಬ್ಬ, ಅಂಚು ಕುಸಿದು ಗಾಡಿ ವಾಲುತ್ತಿದ್ದಂತೆಯೇ ಪ್ರಾಣಭಯದಿಂದ ಕೆಳಮಗ್ಗುಲಿಗೆ ಹಾರಿದ. ರೋಲರ್ ಅವನ ಮೇಲೆಯೇ ಮಗುಚಿತು. ಆಮೇಲೆ ಹತ್ತಿರ ಹೋಗಿ ನೋಡಿದರೆ ಅವನು ಕೂರುತ್ತಿದ್ದ ಜಾಗಕ್ಕೆ ಏನೂ ಆಗಿರಲಿಲ್ಲ. ಸೀಟ್ ಬೆಲ್ಟು ಮಾತ್ರ ಹೊಸದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಸೀಟಿನ ಹಿಂದೆ ಮಡಿಸಿಟ್ಟಂತೆಯೇ ಇತ್ತು. ಆಪರೇಟರನ ಸುತ್ತಲಿನ ಕಬ್ಬಿಣದ ಚೌಕಟ್ಟು ಕಾಯುವುದು ಒಳಗೆ ಇರುವವನನ್ನು, ಹೊರಗೆ ಹಾರಿದವನನ್ನಲ್ಲ. ಆದ್ದರಿಂದ ಬೆಲ್ಟು ಹಾಕದೆ ಎಂಜಿನ್ ಚಾಲೂ ಮಾಡಬೇಡ. ಗಾಡಿ ವಾಲಿದರೆ ಹಾರದೆ, ಸೀಟಿಗೆ ಒತ್ತಿಕೊಂಡು ಭದ್ರವಾಗಿ ಹಿಡಿದು ಕೂರು.

ಬೆಳಿಗ್ಗೆ ಗಾಡಿ ಹತ್ತುವ ಮೊದಲು ಅಂಚಿನುದ್ದಕ್ಕೂ ಒಮ್ಮೆ ನಡೆದು ಬಾ. ನಿನ್ನೆ ಇಲ್ಲದ ಬಿರುಕು ಇಂದು ಕಂಡರೆ, ಅದು ಬೆರಳು ತೂರದಷ್ಟು ಸಣ್ಣದಾದರೂ, ಅಲ್ಲಿಗೆ ಗಾಡಿ ತರಬೇಡ. ಇಳಿಜಾರಿನಲ್ಲಿ ನಿಂತು, ತುಂಬಿದ ಬಕೆಟ್ಟನ್ನು ತೋಳು ಪೂರ್ತಿ ಚಾಚಿ ಪ್ರಪಾತದ ಕಡೆಗೆ ತಿರುಗಿಸಿದರೆ ತೂಕವೆಲ್ಲ ಆ ಮಗ್ಗುಲಿಗೇ ಬೀಳುತ್ತದೆ. ಮೊದಲು ನಿಲ್ಲುವ ಜಾಗವನ್ನು ಬಕೆಟ್ಟಿನಿಂದಲೇ ಮಟ್ಟ ಮಾಡಿಕೋ. ಟಿಪ್ಪರಿನವರು ಅಂಚಿನವರೆಗೆ ರಿವರ್ಸ್ ಬಂದು ಮಣ್ಣು ಸುರಿಯಲು ಹೊರಟರೆ ತಡೆ. ಹಿಂದೆಯೇ ಸುರಿಯಲಿ, ಅಂಚಿಗೆ ತಳ್ಳುವುದನ್ನು ನೀವು ನೋಡಿಕೊಳ್ಳಿ.

ತಲೆಯ ಮೇಲಿನ ಗುಡ್ಡವನ್ನೂ ಮರೆಯಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿದ್ದು ನಿನಗೆ ತಿಳಿದೇ ಇದೆ. ಗುಡ್ಡದ ಬುಡವನ್ನು ನೆಟ್ಟಗೆ ಕೊರೆದು ಮೇಲಿನ ಮಣ್ಣನ್ನು ಹಾಗೆಯೇ ಬಿಟ್ಟರೆ, ನೀರು ಕುಡಿದ ಗುಡ್ಡ ಇಳಿದೇ ಇಳಿಯುತ್ತದೆ. ಬುಡ ಕೊರೆಯಲು ಹೇಳಿದವರಿಗೆ, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಬರೋಣವೆಂದು ವಿನಯದಿಂದಲೇ ಹೇಳು. ಒಪ್ಪದಿದ್ದರೆ ಕೀಲಿ ತೆಗೆದು ಕೆಳಗಿಳಿ. ಆ ದಿನದ ಸಂಬಳ ಹೋದರೆ ನಾನು ಕಳಿಸುತ್ತೇನೆ.

ಊರಿಗೆ ಬರುವಾಗ ಈ ಕಾಗದವನ್ನು ತರಬೇಡ. ರೋಲರಿನ ಸಂಗತಿ ನಿನ್ನ ಅಮ್ಮನಿಗೆ ತಿಳಿಯುವುದು ಬೇಡ.

ಇಂತಿ,
ನಿನ್ನ ಮಾವ