ತಲಾ ಆದಾಯ ಎಂದರೆ ಕೈಗೆ ಬಂದ ರೊಕ್ಕ ಅಲ್ಲ

ಮಾನ್ಯ ಸಂಪಾದಕರೇ,

ರಾಜ್ಯದ ಆರ್ಥಿಕ ಸಮೀಕ್ಷೆ ಹೊರಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಥರದ ಸುದ್ದಿ ಬರುತ್ತದೆ. ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಎಲ್ಲರಿಗಿಂತ ಮೇಲೆ, ಕಲಬುರಗಿ ತಳದಲ್ಲಿ. ಯಾದಗಿರಿ, ಬೀದರ್ ಕೂಡ ಕೆಳಗಿನ ಸಾಲಿನಲ್ಲೇ. ಅಂಥ ಒಂದು ಸುದ್ದಿಯನ್ನು ನಮ್ಮ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಚಹಾದಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದುತ್ತಿದ್ದರು. ಚೀಲ ಇಳಿಸಿ ಬಂದಿದ್ದ ಹಮಾಲರೊಬ್ಬರು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ಒಬ್ಬೊಬ್ಬರಿಗೆ ವರ್ಷಕ್ಕ ಲಕ್ಷದ ಮ್ಯಾಲೆ ಅಂತ ಬರದಾರ. ನಮ್ಮನ್ಯಾಗ ಐದು ಮಂದಿ ಅದೀವಿ. ಐದು ಲಕ್ಷ ಎಲ್ಲಿ ಹೋಯ್ತು ಸಾಹೇಬ್ರ?" ಎಂದರು.

ಅವರು ತಮಾಷೆಗೆ ಕೇಳಲಿಲ್ಲ. ನಾನು ಅರ್ಥಶಾಸ್ತ್ರ ಓದಿದವನು, ಇಪ್ಪತ್ತು ವರ್ಷದಿಂದ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಆದರೂ ಎರಡು ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಈ ಪತ್ರ.

ಮೊದಲನೆಯ ಮಾತು, ನಾವು 'ಜಿಲ್ಲೆಯ ತಲಾ ಆದಾಯ' ಎಂದು ಓದುವುದು ಜನರ ಆದಾಯವೇ ಅಲ್ಲ. ಒಂದು ವರ್ಷದಲ್ಲಿ ಜಿಲ್ಲೆಯ ಗಡಿಯೊಳಗೆ ಎಷ್ಟು ಬೆಲೆಯ ಉತ್ಪಾದನೆ ಆಯಿತು ಎಂದು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಅಂದಾಜು ಮಾಡುತ್ತದೆ. ಬೀಜ, ಗೊಬ್ಬರ, ಕಲ್ಲಿದ್ದಲು, ಡೀಸೆಲ್ ಥರದ ಖರ್ಚು ಕಳೆಯುತ್ತದೆ. ಯಂತ್ರ, ಕಟ್ಟಡಗಳ ಸವಕಳಿ ಕಳೆಯುತ್ತದೆ. ಉಳಿದದ್ದನ್ನು ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸುತ್ತದೆ. ಅಷ್ಟೇ. ಆ ರೊಕ್ಕ ಕೊನೆಗೆ ಯಾರ ಕೈಗೆ ಹೋಯಿತು ಎಂದು ಈ ಲೆಕ್ಕ ಕೇಳುವುದಿಲ್ಲ.

ಸೇಡಂ, ಚಿತ್ತಾಪುರ ಕಡೆ ಹೋಗಿ ನೋಡಿ. ಅಲ್ಲಿಯ ಸುಣ್ಣದ ಕಲ್ಲು ನಂಬಿ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಅವುಗಳ ಲಾಭ, ಸಾಲದ ಮೇಲಿನ ಬಡ್ಡಿ, ಸಂಬಳ, ಎಲ್ಲವೂ ಕಲಬುರಗಿ ಜಿಲ್ಲೆಯ ಉತ್ಪನ್ನದಲ್ಲೇ ಸೇರುತ್ತವೆ. ಸಂಬಳದ ಒಂದು ಭಾಗ ಇಲ್ಲೇ ಉಳಿಯುತ್ತದೆ, ಅದು ನಿಜ. ಆದರೆ ಲಾಭ ಹೋಗುವುದು ಷೇರುದಾರರಿಗೆ, ಬಡ್ಡಿ ಹೋಗುವುದು ಸಾಲ ಕೊಟ್ಟವರಿಗೆ. ಅವರಲ್ಲಿ ಹೆಚ್ಚಿನವರು ಇರುವುದು ಬೇರೆ ಕಡೆ. ಧೂಳು ಕುಡಿಯುವ ಹಳ್ಳಿಯವರ ತಲೆಯ ಮೇಲೆ ಮಾತ್ರ ಆ ಲಾಭವೂ ಭಾಗವಾಗಿ ಬಂದು ಕೂರುತ್ತದೆ. ಅಂದರೆ ಈಗಿನ ಅಂಕಿಯೇ ತಳದಲ್ಲಿದೆ, ಅದರಲ್ಲೂ ಒಂದಷ್ಟು ಇಲ್ಲಿಯ ಜನರದ್ದಲ್ಲ.

ಹೊಲದ ಲೆಕ್ಕವೂ ಹೀಗೇ. ಹೋದ ಸುಗ್ಗಿಯ ಒಂದು ಪಟ್ಟಿ ನನ್ನ ಕಣ್ಣ ಮುಂದೆ ಇದೆ. ರೈತರ ಹೆಸರು ಬೇಡ. ಹತ್ತು ಕ್ವಿಂಟಲ್ ತೊಗರಿ, ಕ್ವಿಂಟಲಿಗೆ 7,000, ಒಟ್ಟು 70,000 ರೂಪಾಯಿ. ಅವರು ಬೆಂಚಿನ ಮೇಲೆ ಕೂತು ಬೆರಳು ಮಡಚುತ್ತಾ ಖರ್ಚು ಹೇಳಿದರು. ಬೀಜ, ಗೊಬ್ಬರ, ಔಷಧ, ಡೀಸೆಲ್ ಸೇರಿ 18,000. ಉಳಿದ 52,000 ಅಂಕಿಸಂಖ್ಯೆಯ ಭಾಷೆಯಲ್ಲಿ ಆ ಹೊಲದ ಮೌಲ್ಯ, ಜಿಲ್ಲೆಯ ಆದಾಯಕ್ಕೆ ಸೇರುವ ಮೊತ್ತ. ಆದರೆ ಅವರ ಬೆರಳು ಇನ್ನೂ ಮಡಚಿಯೇ ಇದ್ದವು. ಕಳೆ, ಕೊಯ್ಲು, ರಾಶಿಯ ಕೂಲಿ 14,000. ಹೊಲ ಸ್ವಂತದ್ದಲ್ಲ, ಅದರ ಲಾವಣಿ ಅಂದರೆ ಗುತ್ತಿಗೆ ರೊಕ್ಕ 15,000. ಕೈಸಾಲದ ಬಡ್ಡಿ 5,000. ಕೊನೆಗೆ ಉಳಿದದ್ದು 18,000. ಮನೆಯಲ್ಲಿ ನಾಲ್ಕು ಜನ.

ಕೂಲಿ ಇಲ್ಲಿಯವರ ಕೈಗೇ ಹೋಯಿತು, ಅದನ್ನು ಜಿಲ್ಲೆಯ ಆದಾಯ ಎಂದರೆ ತಪ್ಪಿಲ್ಲ. ಲಾವಣಿ ರೊಕ್ಕ ಮಾತ್ರ ಹೈದರಾಬಾದಿನಲ್ಲಿ ಇರುವ ಹೊಲದ ಮಾಲೀಕರಿಗೆ ಹೋಯಿತು. ಪುಸ್ತಕದಲ್ಲಿ 52,000 ಪೂರ್ತಿ ನಮ್ಮ ಜಿಲ್ಲೆಯದ್ದು. ಆ ಮನೆಗೆ ಬಂದದ್ದು ಅದರ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

ಇದಕ್ಕೆ ತಿರುಗಾಮುರುಗಾ ಇನ್ನೊಂದು ತಪ್ಪೂ ಇದೆ. ಚಿಂಚೋಳಿ ಕಡೆಯ ತಾಂಡಾಗಳಿಂದ, ಯಾದಗಿರಿಯ ಹಳ್ಳಿಗಳಿಂದ ಜನ ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗುತ್ತಾರೆ. ಅವರು ಅಲ್ಲಿ ಕಟ್ಟಿದ ಕಟ್ಟಡ ಆ ಊರಿನ ಉತ್ಪನ್ನ. ಅವರು ಮನೆಗೆ ಕಳಿಸಿದ ರೊಕ್ಕ ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಎಲ್ಲೂ ಇಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡ ಇಲ್ಲ, ವೃದ್ಧಾಪ್ಯ ಪಿಂಚಣಿಯೂ ಇಲ್ಲ. ಯಾಕೆಂದರೆ ಅವು ಉತ್ಪಾದನೆ ಅಲ್ಲ, ವರ್ಗಾವಣೆ. ಆದರೆ ಅತ್ತೆ ಸೊಸೆ ಇಬ್ಬರೇ ಇರುವ ಮನೆಗೆ ಆ ವರ್ಷಕ್ಕೆ 24,000 ಎಂದರೆ ಕಿರಾಣಿ ಉದ್ರಿ ತೀರುವ ರೊಕ್ಕ. ಅದನ್ನು ಬಿಟ್ಟು ಆ ಮನೆಯ ಆದಾಯ ಹೇಗೆ ಹೇಳುವುದು?

ಹೀಗೆ ಒಂದು ಕಡೆ ಇಲ್ಲದ್ದು ಸೇರಿದೆ, ಇನ್ನೊಂದು ಕಡೆ ಇರುವುದು ಬಿಟ್ಟುಹೋಗಿದೆ. ಎರಡೂ ಸೇರಿ ಸರಿಹೋಗುತ್ತದೆ ಎಂದು ಯಾರೂ ಹೇಳಲಾರರು.

ಅಂಕಿ ತಯಾರಿಸುವವರನ್ನು ನಾನು ದೂರುತ್ತಿಲ್ಲ. ಅವರ ಕೆಲಸ ಕಷ್ಟದ್ದು. ಬೆಳೆ ಕಟಾವು ಪ್ರಯೋಗಕ್ಕೆ ಬಂದವರು ಬಿಸಿಲಲ್ಲಿ ಹಗ್ಗ ಹಿಡಿದು ಹೊಲದ ಒಂದು ಚೌಕ ಅಳೆದು, ಕೊಯ್ದು, ಬಡಿದು, ತೂಗುವುದನ್ನು ನಾನೇ ನಿಂತು ನೋಡಿದ್ದೇನೆ. ಬೆಳೆ, ಗಣಿ, ದೊಡ್ಡ ಕಾರ್ಖಾನೆಗಳ ಅಂಕಿ ಹೀಗೆ ಜಿಲ್ಲೆಯಿಂದಲೇ ಮೇಲಕ್ಕೆ ಹೋಗುತ್ತದೆ. ಆದರೆ ರೈಲು, ಬ್ಯಾಂಕು, ದೂರಸಂಪರ್ಕದಂಥ ಬಾಬುಗಳಲ್ಲಿ ದಾರಿ ಉಲ್ಟಾ. ಮೇಲಿನ ಒಟ್ಟು ಮೊತ್ತವನ್ನು ಯಾವುದೋ ಒಂದು ಸೂಚಕ ಹಿಡಿದು ಕೆಳಗೆ ಹಂಚುತ್ತಾರೆ. ಬ್ಯಾಂಕಿನದ್ದಾದರೆ ಠೇವಣಿ, ಸಾಲದ ಪ್ರಮಾಣ ನೋಡುತ್ತಾರೆ. ಚಿಕ್ಕ ಅಂಗಡಿ, ಟೇಲರ್, ಗ್ಯಾರೇಜು ಇಂಥವಕ್ಕೆ ಎಷ್ಟು ಜನ ದುಡಿಯುತ್ತಾರೆ ಎಂಬ ಅಂದಾಜನ್ನು ಒಬ್ಬರ ಸರಾಸರಿ ಉತ್ಪಾದನೆಯಿಂದ ಗುಣಿಸುತ್ತಾರೆ. ಆಳಂದದ ಟೇಲರ್ ನಿಜವಾಗಿ ಎಷ್ಟು ಗಳಿಸಿದ ಎಂದು ಹೋಗಿ ಕೇಳಿದ ಲೆಕ್ಕ ಅದಲ್ಲ. ಹಾಗಿದ್ದ ಮೇಲೆ ಎರಡು ಜಿಲ್ಲೆಗಳ ನಡುವೆ ಒಂದೆರಡು ಸಾವಿರದ ವ್ಯತ್ಯಾಸ ಹಿಡಿದು 'ನಾವು ಒಂದು ಸ್ಥಾನ ಮೇಲೇರಿದೆವು' ಎಂದು ಬರೆಯುವುದು ಸರಿಯಲ್ಲ.

ಬೆಲೆಯ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಅದು ನನ್ನ ದಿನದ ಕೆಲಸ. 2022ರ ಕೊನೆಗೆ ನೆಟೆ ರೋಗ ಬಂದು ಈ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಮರುವರ್ಷ ಮಳೆ ಕೈಕೊಟ್ಟಿತು. ತೊಗರಿ ದರ ಕ್ವಿಂಟಲಿಗೆ 10,000 ದಾಟಿತು. ಇಂಥ ವರ್ಷದಲ್ಲಿ ಚಾಲ್ತಿ ಬೆಲೆಯ, ಅಂದರೆ ಆಯಾ ವರ್ಷದ ದರದ, ಲೆಕ್ಕ ತೆಗೆದರೆ ಬೆಳೆ ಕಡಿಮೆಯಾಗಿದ್ದರೂ ಮೊತ್ತ ಅಷ್ಟಾಗಿ ಇಳಿಯದೇ ಇರಬಹುದು. ಬೆಳೆ ಉಳಿದವರಿಗೆ ಅದು ಒಳ್ಳೆಯ ವರ್ಷ. ಒಣಗಿದ ಗಿಡ ಕಿತ್ತು ಬದುವಿಗೆ ಹಾಕಿದವರ ಪಾಲಿಗೆ ದರ 10,000 ಆದರೇನು, 20,000 ಆದರೇನು? ಅವರೇ ಅಂಗಡಿಯಿಂದ ಬೇಳೆ ಕೊಂಡು ತಿಂದರು. ಸರಾಸರಿಯಲ್ಲಿ ಈ ಇಬ್ಬರೂ ಒಂದೇ ಆಗಿಬಿಡುತ್ತಾರೆ. ಹೋದ ವರ್ಷಕ್ಕಿಂತ ಇಷ್ಟು ಏರಿದೆ ಎಂದು ಬರೆಯುವಾಗ ದರದ ಏರಿಳಿತ ತೆಗೆದ ಸ್ಥಿರ ಬೆಲೆಯ ಅಂಕಿಯನ್ನೂ ಪಕ್ಕದಲ್ಲಿ ಹಾಕಿದರೆ ಓದುವವರಿಗೆ ಅರ್ಧ ಸತ್ಯವಾದರೂ ತಿಳಿಯುತ್ತದೆ.

ಹಾಗಾದರೆ ಇದನ್ನು ಬೇರೆ ರೀತಿ ಅಳೆಯಲು ಬರುವುದಿಲ್ಲವೇ? ಬರುತ್ತದೆ. ಅಮೆರಿಕದಲ್ಲಿ ನಮ್ಮ ಜಿಲ್ಲೆಯಂಥ ಪ್ರತಿ ಕೌಂಟಿಗೂ ಜನರ ವೈಯಕ್ತಿಕ ಆದಾಯ ಎಂದೇ ಬೇರೆ ಅಂಕಿ ಕೊಡುತ್ತಾರೆ. ಒಂದು ಕೌಂಟಿಯಲ್ಲಿ ದುಡಿದು ಇನ್ನೊಂದರಲ್ಲಿ ಇರುವವರ ಸಂಬಳವನ್ನು ಅವರು ಇರುವ ಊರಿನ ಲೆಕ್ಕಕ್ಕೆ ತರುತ್ತಾರೆ. ಬಡ್ಡಿ, ಲಾಭಾಂಶ, ಸರ್ಕಾರದ ನೆರವು ಎಲ್ಲ ಸೇರಿಸುತ್ತಾರೆ. ಅಲ್ಲಿ ತೆರಿಗೆ, ಸಂಬಳದ ದಾಖಲೆ ಗಟ್ಟಿ ಇದೆ. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಕೂಲಿಗೆ ಚೀಟಿ ಇಲ್ಲ. ಮನೆ ಮನೆಗೆ ಹೋಗಿ ಕೇಳುವುದೊಂದೇ ದಾರಿ.

ಅದನ್ನೂ ನಮ್ಮ ದೇಶದಲ್ಲಿ ಹಿಂದೆ ಮಾಡಿ ನೋಡಿದ್ದಾರೆ. 1960ರ ದಶಕದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆದಾಯ ಕೇಳಿದಾಗ ಜನ ಹೇಳಿದ ಆದಾಯ ಅವರ ಖರ್ಚು, ಉಳಿತಾಯಕ್ಕಿಂತ ಕಡಿಮೆ ಬಂತು. ಅದಕ್ಕೇ ಮುಂದುವರಿಸಲಿಲ್ಲ. ಈಗ ಕೇಂದ್ರದ ಸಾಂಖ್ಯಿಕ ಸಚಿವಾಲಯ ದೇಶದಾದ್ಯಂತ ಮನೆಗಳ ಆದಾಯ ಸಮೀಕ್ಷೆಯನ್ನು 2026ರಲ್ಲಿ ಮಾಡುವುದಾಗಿ ಹೇಳಿದೆ. 2025ರ ಜನವರಿಯಿಂದ ಮಾದರಿ ಸಮೀಕ್ಷೆಗಳಿಗೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಂಡಿದ್ದಾರೆ. ನನಗೆ ಇದರಿಂದ ನಿಜವಾಗಿಯೂ ಆಸೆ ಹುಟ್ಟಿದೆ. ಆದರೆ ಜನ ಹೆದರುತ್ತಾರೆ, ಇದೂ ನಿಜ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಮಿತಿ ಇದೆ. ಮನೆಗೆ ಬಂದು ಆದಾಯ ಕೇಳಿದರೆ ಕಾರ್ಡು ಹೋಗುತ್ತದೆ ಎಂದು ಯಾರಿಗೆ ಅನಿಸುವುದಿಲ್ಲ? ಸಮೀಕ್ಷೆಯ ಉತ್ತರಕ್ಕೂ ರೇಷನ್ ಕಾರ್ಡಿಗೂ ಸಂಬಂಧ ಇಲ್ಲ ಎಂದು ಪಂಚಾಯಿತಿ ಮಟ್ಟದಲ್ಲಿ, ನಮ್ಮ ಭಾಷೆಯಲ್ಲಿ, ಮುಂಚೆಯೇ ಹೇಳಬೇಕು.

ರಾಜ್ಯ ಸರ್ಕಾರಕ್ಕೆ ನನ್ನ ವಿನಂತಿ ಒಂದೇ. ಜಿಲ್ಲೆಯ ಸರಾಸರಿಗೆ ನಿಲ್ಲಬೇಡಿ. 2002ರಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕನ್ನೇ ಘಟಕ ಮಾಡಿಕೊಂಡು 35 ಸೂಚಕ ಇಟ್ಟು ನೋಡಿತ್ತು. ಹಾಗೆ ನೋಡಿದ್ದಕ್ಕೇ 114 ಹಿಂದುಳಿದ ತಾಲ್ಲೂಕುಗಳು ಕಂಡವು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು ಎಂದು ಗೊತ್ತಾಯಿತು. ಜಿಲ್ಲೆಯ ಸರಾಸರಿ ನೋಡಿ ಕೂತಿದ್ದರೆ ಅದು ತಿಳಿಯುತ್ತಿರಲಿಲ್ಲ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗಕ್ಕೆ ಬರುವ ಅನುದಾನ ಹಂಚುವಾಗಲೂ ತಾಲ್ಲೂಕಿನ ಮನೆಗಳ ಆದಾಯ ಗೊತ್ತಿರಬೇಕು. ಸರಾಸರಿಯ ಜೊತೆ ನಡುವಿನ ಮನೆಯ ಆದಾಯವನ್ನೂ ಕೊಡಿ. ಅಂದರೆ ಎಲ್ಲ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಗೆ ಎಷ್ಟು ಬರುತ್ತದೆ ಎಂಬುದು. ಹಮಾಲರು ಕೇಳಿದ ಪ್ರಶ್ನೆಗೆ ಹತ್ತಿರದ ಉತ್ತರ ಅದು.

ಇನ್ನು ಭಾಗಿಸುವ ಜನಸಂಖ್ಯೆ. ಇಷ್ಟು ವರ್ಷ ನಾವು 2011ರ ಗಣತಿಯಲ್ಲಿ ಕಲಬುರಗಿ ಜಿಲ್ಲೆಗೆ ಬಂದ 25.66 ಲಕ್ಷವನ್ನು ಬೆಳೆಸುತ್ತಾ ಬಂದಿದ್ದೇವೆ. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಆ ತಿಂಗಳು ಕಬ್ಬಿನ ಕಟಾವು ಇನ್ನೂ ಮುಗಿದಿರುವುದಿಲ್ಲ. ಕೂಲಿಗೆ ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ತಗೊಂಡ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಗಾಡಿ ಹತ್ತಿ ಹೋಗಿರುತ್ತವೆ. ಹೋದ ಮಾಘದಲ್ಲಿ ಒಂದು ತಾಂಡಾಕ್ಕೆ ಬಾಕಿ ಕೇಳಲು ಹೋಗಿದ್ದೆ. ಒಂದು ಓಣಿಯಲ್ಲಿ ಹನ್ನೊಂದು ಮನೆ, ಎಂಟಕ್ಕೆ ಬೀಗ. ಉಳಿದ ಮೂರರಲ್ಲಿ ಮುದುಕರು. ಬೀಗ ಹಾಕಿದ ಮನೆಯವರನ್ನು ಇಲ್ಲೂ ಎಣಿಸದೆ, ಅಲ್ಲಿ ಕಬ್ಬಿನ ಗದ್ದೆಯ ಗುಡಿಸಲಲ್ಲೂ ಎಣಿಸದೆ ಬಿಟ್ಟರೆ ಭಾಗಿಸುವ ತಲೆಗಳು ಕಡಿಮೆಯಾಗುತ್ತವೆ, ನಮ್ಮ ತಲಾ ಆದಾಯ ತಾನಾಗೇ ಏರುತ್ತದೆ. ಗಣತಿಗೆ ನೇಮಕವಾಗುವ ನಮ್ಮ ಶಿಕ್ಷಕರು ಆ ಮುದುಕರ ಹತ್ತಿರ ಕೂತು, ಯಾರು ಯಾವ ಊರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಕೇಳಬೇಕು. ಗಣತಿಯ ನಿಯಮದಂತೆ ಒಬ್ಬರೂ ಬಿಟ್ಟುಹೋಗದಂತೆ ಜಿಲ್ಲಾಡಳಿತ ಈಗಿನಿಂದಲೇ ತಾಂಡಾವಾರು ಪಟ್ಟಿ ಮಾಡಿಟ್ಟುಕೊಳ್ಳಬೇಕು.

ಇಂತಿ,
ಗಂಜಿನಲ್ಲಿ ಲೆಕ್ಕ ಬರೆಯುವ ಒಬ್ಬ ಓದುಗ
ಕಲಬುರಗಿ