ಒಂದೇ ಸೆಟ್ಟಿನಲ್ಲಿ ಎರಡು ಬಗೆಯ ಮೋಟರ್ ಕಳಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗ

ಮಾನ್ಯರೇ,

ನಿಮ್ಮ ಆನ್‌ಲೈನ್ ಅಂಗಡಿಯಿಂದ ತರಿಸಿದ ಕ್ವಾಡ್‌ಕಾಪ್ಟರ್ (ನಾಲ್ಕು ಮೋಟರ್‌ನ ಡ್ರೋನ್) ಸೆಟ್ ಬಗ್ಗೆ ಈ ದೂರು. ಮೋಟರ್, ಪ್ರೊಪೆಲ್ಲರ್, ಇಎಸ್‌ಸಿ (ಮೋಟರ್ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್), ಬ್ಯಾಟರಿ ಎಲ್ಲವೂ ಒಂದಕ್ಕೊಂದು ಹೊಂದಿಸಿದ್ದು, 1.2 ಕೆ.ಜಿ. ತನಕ ಆರಾಮಾಗಿ ಹಾರುತ್ತದೆ ಎಂದು ನಿಮ್ಮ ಪುಟದಲ್ಲಿದೆ. ಅದನ್ನು ನಂಬಿಯೇ ಬಿಡಿಬಿಡಿಯಾಗಿ ಕೊಳ್ಳದೆ ಇಡೀ ಸೆಟ್ಟಿಗೆ ದುಡ್ಡು ಕೊಟ್ಟೆ. ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವುದು) ಆದ ಮೇಲೆ ದ್ರಾಕ್ಷಿ ಚಿಗುರು ಎಲ್ಲೆಲ್ಲಿ ಹಿಂದೆ ಬಿದ್ದಿದೆ ಎಂದು ಮೇಲಿನಿಂದ ನೋಡುವುದು ನಮ್ಮ ಉದ್ದೇಶ.

ಫೋನ್ ಮಾಡಿದರೆ ನಿಮ್ಮವರು "ಸರ್, ನೀವು ಭಾರ ಜಾಸ್ತಿ ಹಾಕಿರ್ತೀರಿ" ಅಂದು ಇಟ್ಟುಬಿಟ್ಟರು. ಹಾಗಾಗಿ ಮೊದಲು ಭಾರದ ಲೆಕ್ಕ ಕೊಡುತ್ತೇನೆ. ಫ್ರೇಮ್, ಮೋಟರ್, ಬ್ಯಾಟರಿ, ಕ್ಯಾಮೆರಾ, ವೈರು ಎಲ್ಲ ಸೇರಿ 1,110 ಗ್ರಾಂ. ಗಾಳಿಯಲ್ಲಿ ನಿಲ್ಲಬೇಕಾದರೆ ಒಂದೊಂದು ಮೋಟರ್ ಸುಮಾರು 280 ಗ್ರಾಂ ಎತ್ತಬೇಕು. ಮೇಲೇರಲು, ಗಾಳಿ ಬೀಸಿದಾಗ ತಡೆಯಲು ಅದರ ಎರಡರಷ್ಟು ತಾಕತ್ತು ಇರಬೇಕು, ಅಂದರೆ 560 ಗ್ರಾಂ. ವಿಜಯಪುರದ ಬೇಸಿಗೆಯಲ್ಲಿ ಗಾಳಿ ತೆಳುವಾಗಿ ಈ ತಾಕತ್ತು ಇನ್ನೂ ಇಳಿಯುತ್ತೆ, ಅದಕ್ಕೆ ಸ್ವಲ್ಪ ಮಿಗುವಂತೆಯೇ ಇರಬೇಕು. 2212 ಗಾತ್ರದ 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 1045 (10 ಇಂಚಿನ) ಪ್ರೊಪೆಲ್ಲರ್, ಮೂರು ಸೆಲ್ಲಿನ 11.1 ವೋಲ್ಟ್ ಬ್ಯಾಟರಿ ಇದ್ದರೆ ಇಷ್ಟು ಸಲೀಸಾಗಿ ಸಿಗುತ್ತದೆ. ಪುಟದಲ್ಲಿ ನೀವು ಬರೆದ ಜೋಡಣೆ ಸರಿಯಾಗಿಯೇ ಇದೆ. ಕಳಿಸಿದ್ದು ಅದಲ್ಲ.

ಇದನ್ನು ಜೋಡಿಸಿದ್ದು ಡಿಪ್ಲೊಮಾ ಓದುತ್ತಿರುವ ನನ್ನ ಅಣ್ಣನ ಮಗ. ತಿಕೋಟಾ ಹತ್ತಿರದ ನಮ್ಮ ಖಾಲಿ ಹೊಲದಲ್ಲಿ ಹಾರಿಸಿದೆವು. ಮೆಲ್ಲಗೆ ಎದ್ದು ನಿಂತಿತು. ಥ್ರಾಟಲ್ (ಮೋಟರ್ ವೇಗ) ಜೋರು ಮಾಡಿದ ಕೂಡಲೇ ಮುಂದಕ್ಕೆ ಮುಗ್ಗರಿಸಿ ಬಿತ್ತು. ಎರಡು ಪ್ರೊಪೆಲ್ಲರ್ ಮುರಿದವು. ಹಿಂದಿನ ಎರಡು ಮೋಟರ್ ಮುಟ್ಟಲಾಗದಷ್ಟು ಕಾದಿದ್ದವು. ಆ ಬಿಸಿಗೆ ಒಂದರ ಸ್ಟಿಕ್ಕರ್ ಮೂಲೆ ಎದ್ದಿತ್ತು. ಮೇಲೆ 1000 ಕೆವಿ ಎಂದಿದೆ. ಉಗುರಿನಿಂದ ಕಿತ್ತು ನೋಡಿದರೆ ಕೆಳಗೆ 2212/10ಟಿ (ಟಿ ಅಂದರೆ ಒಳಗಿನ ತಂತಿ ಸುರುಳಿಯ ಸುತ್ತುಗಳ ಲೆಕ್ಕ), 1400 ಕೆವಿ! ಇನ್ನೊಂದೂ ಹಾಗೆಯೇ. ಮುಂದಿನವು ಮಾತ್ರ ನಿಜವಾದ 13ಟಿ, 1000 ಕೆವಿ.

ಇದು ಸಣ್ಣ ವ್ಯತ್ಯಾಸ ಅಲ್ಲ. 11.1 ವೋಲ್ಟ್‌ಗೆ 1000 ಕೆವಿ ಮೋಟರ್ ಪ್ರೊಪೆಲ್ಲರ್ ಇಲ್ಲದೆ ನಿಮಿಷಕ್ಕೆ 11,100 ಸುತ್ತು ತಿರುಗಿದರೆ 1400 ಕೆವಿ ಮೋಟರ್ 15,540 ಸುತ್ತು ತಿರುಗುತ್ತೆ. ಅದಕ್ಕೆ 8 ಇಂಚಿನ ಆಸುಪಾಸಿನ ಪ್ರೊಪೆಲ್ಲರ್ ಸರಿ. 10 ಇಂಚಿನದು ಹಾಕಿದರೆ ಮಿತಿ ಮೀರಿ ಕರೆಂಟ್ ಎಳೆದು ಕಾಯುತ್ತದೆ. ಒಂದೊಂದನ್ನೇ ಮರದ ತುಂಡಿಗೆ ಬಿಗಿದು ತೂಕದ ಯಂತ್ರದ ಮೇಲೆ ನೋಡಿದೆವು. 13ಟಿ ಮೋಟರ್ ಪೂರ್ತಿ ಥ್ರಾಟಲ್‌ನಲ್ಲಿ 750 ಗ್ರಾಂ ಎತ್ತಿತು. 10ಟಿ ಮೋಟರ್ ಅರ್ಧ ದಾಟುತ್ತಿದ್ದಂತೆ ಸುಟ್ಟ ವಾಸನೆ ಬಂತು, ನಿಲ್ಲಿಸಿದೆವು. ಜೋರು ಮಾಡಿದಾಗ ಹಿಂಭಾಗ ಜಾಸ್ತಿ ಎತ್ತಿ ಮುಂದಕ್ಕೆ ಬಿದ್ದಿದ್ದು ಇದರಿಂದಲೇ. ಪಕ್ಕದ ತೋಟದಲ್ಲಿ ಹೆಣ್ಣಾಳುಗಳು ಕೆಲಸ ಮಾಡುತ್ತಿದ್ದರು. ಅವರ ಮೇಲೆ ಬಿದ್ದಿದ್ದರೆ ಯಾರು ಹೊಣೆ?

ಬ್ಯಾಟರಿ ಕಥೆಯೂ ಅಷ್ಟೇ. ಮೇಲೆ 2200 ಎಂಎಎಚ್, 30ಸಿ (ಸಾಮರ್ಥ್ಯದ 30 ಪಟ್ಟು ಕರೆಂಟ್ ಕೊಡಬಲ್ಲದು) ಎಂದಿದೆ. ಆ ಲೆಕ್ಕಕ್ಕೆ 66 ಆಂಪಿಯರ್ ಕೊಡಬೇಕು. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್‌ನಲ್ಲೇ ಸೆಲ್ಲಿಗೆ 3 ವೋಲ್ಟ್ ಆಗುವ ತನಕ ಖಾಲಿ ಮಾಡಿದರೆ ಸಿಕ್ಕಿದ್ದು 1,480 ಎಂಎಎಚ್. ನಿಮ್ಮ ಪುಟದಲ್ಲಿ ತೂಕ 180 ಗ್ರಾಂ, ಕೈಗೆ ಬಂದದ್ದು 135 ಗ್ರಾಂ. ಈಗ ಸ್ವಲ್ಪ ಉಬ್ಬಿದೆ, ಅದನ್ನು ಮನೆಯೊಳಗೆ ಇಡಲೂ ಹೆದರಿಕೆ.

ನನಗೆ ಬೇಕಾದದ್ದು ಇಷ್ಟು: ನಾಲ್ಕೂ ಒಂದೇ ಬಗೆಯ 13ಟಿ ಮೋಟರ್, ಬರೆದಷ್ಟು ಶಕ್ತಿ ಇರುವ ಬ್ಯಾಟರಿ, ಮುರಿದ ಪ್ರೊಪೆಲ್ಲರ್‌ಗೆ ಬದಲಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ, ಕೊರಿಯರ್ ಖರ್ಚೂ ನಿಮ್ಮದೇ. ಇದೇ ಸ್ಟಿಕ್ಕರ್ ಅಂಟಿಸಿದ ಮೋಟರ್ ಇನ್ನೂ ಸ್ಟಾಕ್‌ನಲ್ಲಿದ್ದರೆ ಅದನ್ನು ಮಾರುವುದು ನಿಲ್ಲಿಸಿ. ಕೊಂಡುಕೊಳ್ಳುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು, ಅಲ್ವಾ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜಾಹೀರಾತಿನಂತೆ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಬಿಲ್, ಸ್ಟಿಕ್ಕರ್ ಕಿತ್ತ ಮೋಟರ್‌ಗಳ ಫೋಟೊ, ತೂಕದ ಫೋಟೊ, ಚಾರ್ಜರ್ ಪರದೆಯ ಫೋಟೊ ಜೊತೆಗಿವೆ. ಉಬ್ಬಿದ ಬ್ಯಾಟರಿಯನ್ನು ಕೊರಿಯರ್‌ನಲ್ಲಿ ಕಳಿಸಲಾರೆ. ಅದನ್ನು ಹೇಗೆ ತೆಗೆದುಕೊಂಡು ಹೋಗುತ್ತೀರಿ ಎಂದು ಮೊದಲು ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ
ವಿಜಯಪುರ